ಲಿಂಗಸುಗೂರು ರೋಡು, ಪಂಕ್ಚರ್ ಅಂಗಡಿ

ಮುದಗಲ್ ದಾಟಿ ಎಂಟು ಕಿಲೋಮೀಟರು,
ಎಡಕ್ಕ ಅರ್ಧ ಚರ್ಚು, ಬಲಕ್ಕ ನನ್ನ ಅಂಗಡಿ.
ಮೊಳಿ ನಾ ಚೆಲ್ಲೂದಿಲ್ಲರಿ, ಆಣಿ ಮಾಡಿ ಹೇಳತೀನಿ.
ಕಲ್ಲಿನ ಲಾರಿ ಚೂರು ಉದುರಿಸಿಕೊಂತ ಹೋಗತಾವ,
ಗಾಳಿ ಇಳೀತೈತಿ, ಮಂದಿ ಇಳೀತಾರ.
ಟೈರು ಬಿಚ್ಚೂತನಕ ಏನು ಮಾಡಬೇಕು?
ನೋಡತಾರ. ನೋಡಿದ ಮ್ಯಾಲೆ
ಬಾಯಿ ಸುಮ್ಮನಿರಬೇಕಲ್ಲ.

ಗಂಗಾವತಿಯ ರೈಸ್‌ಮಿಲ್ಲಿನ ಸಾವಕಾರ
ಹೆಜ್ಜಿ ಹಾಕಿ ಅಳದು ಬಂದ:
"ಮ್ಯಾಲೆ ತಗಡು ಹೊದಿಸಿದ್ರ ಎರಡು ಸಾವಿರ ಚೀಲ ಕೂಡತಾವ.
ಗಾಳಿ ಚಲೋ ಐತಿ. ಬುದ್ಧಿ ಇಲ್ಲ ಇವರಿಗೆ."

ಕಾರವಾರದ ಕಡೆಯ ಟೀಚರಮ್ಮ, ಫಿಲೋಮಿನಾ ಅಂತ,
ಛತ್ರಿ ಹಿಡಕೊಂಡು ನಿಂತರು, ಉಸಿರು ಬಿಟ್ಟರು:
"ನಮ್ಮ ಇಗರ್ಜಿ ಹಾಲಿನ ಹಾಗೆ ಬೆಳ್ಳಗೆ ಇರ್ತದೆ.
ಇದು ಚರ್ಮ ಸುಲಿದ ಹಾಗಿದೆಯಲ್ಲ, ಮಾರಾಯ."
ಕೆಂಪು ಕಲ್ಲು ಹೌದು. ಸಂಜಿಗೆ ಇನ್ನೂ ಕೆಂಪು.

ಹುಬ್ಬಳ್ಳಿ ಕಾಲೇಜಿನ ಹುಡುಗರಿಬ್ಬರು, ಕಟ್ಟಡ ಕಲಿಯೋರು,
ನನ್ನ ಬೆಂಚಿನ ಮ್ಯಾಲ ಜಗಳಾಡಿದರು.
ಕನ್ನಡಕದವ: "ಬಾಗಿಲ ಕಮಾನು ಗೋಥಿಕ್,
ಮೂಲಿ ಬುರುಜು ಕೋಟೆಯಿಂದ ಕದ್ದದ್ದು,
ಕಂಬ ಗುಡಿಯವು. ಒಂದಕ್ಕೊಂದು ಮಾತಿಲ್ಲ."
ಇನ್ನೊಬ್ಬ: "ಮಾತಿಲ್ಲದ ಮೂವರು
ಒಂದ ಸೂರು ಹೊರಾಕ ನಿಂತಾರಲ್ಲೋ!"
"ಸೂರೆಲ್ಲೈತಿ?"
ಅಷ್ಟರಾಗ ಬಸ್ಸು ಹೋತು.

ಇಳಕಲ್ಲಿನ ಲಾರಿ ಡ್ರೈವರ್ ಗ್ಯಾನಪ್ಪ
ಗೋಪುರದ ಕಡೆ ತಲಿ ಎತ್ತಲೇ ಇಲ್ಲ.
ಮೊಣಕಾಲೂರಿ, ಕೆಳಗಿನ ಸಾಲಿನ ಕೀಲಿನಾಗ
ಉಗುರು ತೂರಿಸಿ ನೋಡಿದ. ತೂರಲಿಲ್ಲ.
"ಕೈ ಇದ್ದವ ಯಾವನೋ ಕುಂದರಿಸ್ಯಾನ" ಅಂದು
ಚಾದ ರೊಕ್ಕ ಕೊಡೂದು ಮರತು ಹೋದ.

ಲಗ್ನದ ಟೆಂಪೋದಿಂದ ಇಳಿದ ಸಣ್ಣ ಹುಡುಗಿ
ಗ್ವಾಡಿ ಮ್ಯಾಲಿನ ಕಬ್ಬಿಣದ ಸಳಿ ತೋರಿಸಿ
"ಇದಕ್ಕ ಹಲ್ಲು ಬರಾಕತ್ತಾವ" ಅಂತು.

ಸೈಕಲ್ ತುಳಕೊಂತ ಬಂದ ಪರದೇಶದವ
ಒಂದು ತಾಸು ನೋಡಿದ,
ಎರಡು ಪ್ಲೇಟು ಮಂಡಾಳ ಒಗ್ಗರಣಿ ತಿಂದ,
ಏನೂ ಅನ್ನಲಿಲ್ಲ.
ಅವ ಏನಂದಾನು ಅಂತ
ಈಗಲೂ ಒಮ್ಮೊಮ್ಮೆ ಯೋಚನಿ ಮಾಡತೀನಿ.

ಹಟ್ಟಿ ಗಣಿಯಿಂದ ರಿಟೈರಾದ ಯಂಕೋಬ:
"ಮೂವತ್ತೆರಡು ವರ್ಷ ತಳಕ್ಕ ಇಳದೀನಿ.
ಯಾವಾಗ ಮುಗೀತೈತಿ ಅಂತ ಯಾರೂ ಕೇಳಲಿಲ್ಲ.
ಮ್ಯಾಲಕ್ಕ ಹೋಗೂದಕ್ಕ ಮಾತ್ರ
ಎಲ್ಲರಿಗೂ ತಾರೀಖು ಬೇಕು."

ಕೈ ಇದ್ದವ ಯಾರಂತ ನನಗ ಗೊತ್ತು. ಚೌರಪ್ಪ.
ಊರ ಮಂದಿ ಮೆಣಸಿನಕಾಯಿ ಮಾರಿ ರೊಕ್ಕ ಕೂಡಿಸಿದ ವರ್ಷ
ಒಂದು ಸಾಲು ಏರಸತಾನ. ಕೂಡದಿದ್ದ ವರ್ಷ
ಉಳಿಗೆ ಎಣ್ಣಿ ಹಚ್ಚಿ ಗೋಣಿಯಾಗ ಸುತ್ತಿಡತಾನ.
ಐತವಾರ ಪೂಜಿ ಬಯಲಾಗ, ಗಂಟಿ ಬೇವಿನ ಗಿಡಕ್ಕ.
ಮಂದಿ ಅಂದದ್ದೆಲ್ಲ ಅವಗ ಒಪ್ಪಸತೀನಿ,
ಒಂದೂ ಬಿಡದಂಗ. ಬೀಡಿ ಸೇದಿಕೊಂತ ಕೇಳತಾನ.
"ಲಾಲ್ಯಾ, ಗಿಳಿ ಗೂಡು ನೋಡಿದರೇನು ಯಾರಾದರೂ?"
ಸಾರವೆ ಹೂಡಾಕ ಬಿಟ್ಟ ತೂತಿನಾಗ ಮರಿ ಅದಾವಂತ.
ಆ ಗ್ವಾಡಿಗೆ ಆ ತೂತು ಮುಚ್ಚೂದು ಒಂದ ಬಾಕಿಯಂತ.
ಐದು ವರ್ಷ ಆತು.
ಗಿಳಿ ವರ್ಷಾ ಮರಿ ಮಾಡತಾವ.

ನನ್ನ ಯಾರೂ ಕೇಳಿಲ್ಲ. ಕೇಳಿದ್ರೂ
ನಾ ಗೋಪುರ ನೋಡೂದು ಟಬ್ಬಿನಾಗ,
ಟ್ಯೂಬು ಮುಳುಗಿಸೋ ಕರಿ ನೀರಾಗ.
ಅಲ್ಲಿ ಅದು ತಲಿಕೆಳಗ, ನೆಲದೊಳಗ ಇಳದಂಗ,
ಯಾರೋ ಬಾವಿ ತೋಡಾಕತ್ತಾರ ಅನ್ನೂಹಂಗ ಕಾಣತೈತಿ.
ಟ್ಯೂಬು ಅದುಮಿದ್ರ ಚೂರು ಚೂರು.
ಬಿಟ್ಟರ ತಾನ ಕೂಡಕೊಂತೈತಿ,
ನಿಂತಲ್ಲಿಗೇ ನಿಲ್ಲತೈತಿ, ಒಂದು ಕಲ್ಲು ಹೆಚ್ಚಿಲ್ಲ.
ಅದರ ತುದಿಯಿಂದ ಗುಳ್ಳಿ ಎದ್ದವಂದ್ರ
ಅಲ್ಲೇ ತೂತು.
ಗೀಟು ಹಾಕತೀನಿ, ಒರಸತೀನಿ, ಮುಚ್ಚತೀನಿ.
ನಮ್ಮದು ಹತ್ತು ನಿಮಿಷದ ಕೆಲಸ್ರೀ.