ಚುಕ್ಕಿ ಹಚ್ಚಿದ ಪದ

ಯೆರವಡೆಯಾಚೆಯ ಕಲ್ಲುಕಟ್ಟಡದಲ್ಲಿ
ನಿಘಂಟಿನ ಕಾರ್ಡು ಬರೆಯುವುದು ನನ್ನ ಕೆಲಸ.
ತಾಸಿಗೆ ಇಪ್ಪತ್ತು. ತಪ್ಪಿದರೆ ಹೊಸ ಕಾರ್ಡು, ಹಳೆಯದು ರದ್ದಿಗೆ.

ಇವತ್ತಿನದು ಸ್ಲಾವರ ಮೂಲಮಾತು:
*ಸ್ನುಖಾ.
ಮುಂದೆ ಚುಕ್ಕಿ ಹಚ್ಚಲೇಬೇಕು ಎಂದರು ರಾದ್ಕಾಬಾಯಿ,
ಬಲ್ಗೇರಿಯಾದವರು, ರದ್ದಿ ಕಾರ್ಡಿನ ಬೆನ್ನಿಗೆ ಬೆಕ್ಕು ಬರೆಯುವವರು.
ಚುಕ್ಕಿಯೆಂದರೆ, ಯಾರೂ ಬರೆದಿಟ್ಟದ್ದಲ್ಲ,
ಕೇಳಿದ ಕಿವಿ ಒಂದೂ ಉಳಿದಿಲ್ಲ;
ಮೊಮ್ಮಕ್ಕಳ ಮೋರೆ ನೋಡಿ
ಮುತ್ತಜ್ಜಿಯ ಮೂಗು ಊಹಿಸಿದ ಹಾಗೆ.
ನಡುವಿನ ಉ ಕೂಡ ಪೂರ್ತಿ ಉ ಅಲ್ಲ,
ಹೊಸ್ತಿಲಾಚೆ ನಿಂತು ಕೆಮ್ಮಿದಷ್ಟು.

ಅವರ ಊರಲ್ಲಿ ಈಗಲೂ ಸ್ನಾಹಾ ಅಂತಾರಂತೆ.
ನನಗೆ ಸ್ನೇಹ ಅಂತ ಕೇಳಿಸಿತು.
ಅಲ್ಲಲ್ಲ, ನಕ್ಕರು, ಮಗನ ಹೆಂಡತಿ.

ಪೆನ್ನು ಅಲ್ಲೇ ನಿಂತಿತು.
ಉಕಾರದ ಬೆನ್ನು ಹತ್ತಿದ ಸಕಾರ
ಅಲ್ಲಿ ಗಂಟಲಿಗಿಳಿದು ಖ ಆಯಿತು,
ಸಂಸ್ಕೃತದಲ್ಲಿ ನಾಲಿಗೆ ಮಡಿಸಿ ಸ್ನುಷಾ,
ಸದಾಶಿವ ಪೇಠೆಯ ನಮ್ಮ ವಾಡೆಯಲ್ಲಿ ಸೂನ್,
ಇಂಡಿಯಲ್ಲಿ ನಮ್ಮವ್ವನ ಬಾಯಲ್ಲಿ ಸೊಸಿ.

ಇಷ್ಟೊಂದು ಮನೆ ತುಂಬಿದವಳ ತವರು ಯಾವುದು?
ಸೂನು ಅಂದರೆ ಮಗ, ಅಲ್ಲಿಂದಲೇ ಎಂದರು ಕೆಲವರು;
ಸ್ವರ ಕೂಡಲಿಲ್ಲ.
ಕಟ್ಟು ಎಂಬ ಧಾತುವಿನಿಂದ ಎಂದರು ಮತ್ತೆ ಕೆಲವರು;
ರಾದ್ಕಾಬಾಯಿ ಅದಕ್ಕೊಂದು ಪ್ರಶ್ನೆಚಿಹ್ನೆ ಇಡಿಸಿದರು.
ಮೂಲ ತಿಳಿಯದು, ಎಂದು ಬರೆದೆ.
ಕಾರ್ಡಿನಲ್ಲಿ ಜಾಗ ಇನ್ನೂ ಬಹಳ ಇತ್ತು.

ಮದುವೆಯ ದಿನ ತಾಟಿನ ಅಕ್ಕಿಯ ಮೇಲೆ
ಉಂಗುರದಿಂದ ಗೀರಿ ವೃಂದಾ ಎಂದು ಬರೆದರು.
ಆ ಅಕ್ಕಿಯನ್ನು ಮರುದಿನ ಅನ್ನ ಮಾಡಿ ಉಂಡೆವು.
ನಿಂಬೆವ್ವಾ ಎಂದು ಕೂಗುತ್ತಿದ್ದವರು
ಒಬ್ಬೊಬ್ಬರೇ ತೀರಿದರು, ಹೋದ ವರ್ಷ ಸೋದರಮಾವ,
ಅವನೇ ಕೊನೆ.
ಈಗ ಅದಕ್ಕೂ ಚುಕ್ಕಿ ಹಚ್ಚಬೇಕು.

ಸಂಜೆ ಅತ್ತೆ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದರು.
ಎದುರು ಕೂತು ಒಂದು ಸಿವುಡು ತೆಗೆದುಕೊಂಡೆ.
ಅಕ್ಕಿಗಿಂತ ಮೊದಲು ನಿಮ್ಮ ಹೆಸರೇನಿತ್ತು?
ಬೆರಳು ತಡೆದವು.
ನಲವತ್ತೊಂಬತ್ತು ವರ್ಷ.
ಸೊಪ್ಪಿನೊಳಗೇ ನೋಡುತ್ತ ಏನೋ ಅಂದರು,
ಹಾಳಾದ್ದು, ಅದೇ ಹೊತ್ತಿಗೆ ಕುಕ್ಕರು ಕೂಗಿತು.

ಅವರು ಮತ್ತೆ ಎಲೆ ಚಿವುಟತೊಡಗಿದರು.
ನಾನೂ ಎರಡನೇ ಸಲ ಕೇಳಲಿಲ್ಲ.
ನಡುವೆ ಒಂದು ಉ ಇತ್ತು,
ಅಷ್ಟು ಖಾತ್ರಿ.