ಇಪ್ಪತ್ತೆರಡು ಗಜ, ಇಪ್ಪತ್ತು ಅಡಿ

"ಕಣ್ಣು ಟೆಸ್ಟ್ ಮಾಡಿಸ್ಕೊಳ್ಳೋ, ಮುದುಕಾ!"
ಯಾರ್ಕ್‌ಷೈರಿನ ಯಾವ ಮೈದಾನದಲ್ಲಿ ನಿಂತರೂ
ಮೂರನೇ ಓವರಿನೊಳಗೆ ಕಿವಿಗೆ ಬೀಳುವ ಮಾತು.
ಅವರಿಗೇನು ಗೊತ್ತು,
ಸ್ಕಿಪ್ಟನ್ನಿನ ಕಾಲುವೆ ಸೇತುವೆಯ ಪಕ್ಕ
ಡೊರೀನ್ ಸ್ಕೋಫೀಲ್ಡಳ ಅಂಗಡಿಯಲ್ಲಿ
ಎರಡು ವರ್ಷಕ್ಕೊಮ್ಮೆ, ಬಿಡದೆ,
ತಣ್ಣನೆಯ ಪಟ್ಟಿಯ ಮೇಲೆ ಗದ್ದ ಊರಿ ಕೂರುವವ ನಾನೆಂದು.

ಶನಿವಾರ ಬಿಳಿ ಕೋಟು ತೊಟ್ಟು ತೀರ್ಪು ಕೊಡುವವ
ಮಂಗಳವಾರ ತೀರ್ಪಿಗೆ ಕೂರುತ್ತೇನೆ.
ಕತ್ತಲ ಕೋಣೆ. ಇಪ್ಪತ್ತು ಅಡಿ ಆಚೆ
ಕೆಳಗಿಳಿದಷ್ಟೂ ಇರುವೆಯಾಗುವ ಅಕ್ಷರಗಳು.
"ಒಂದು ಚೆನ್ನಾಗಿದೆಯಾ, ಎರಡಾ?"
ಗಾಜು ತಿರುಗಿಸುತ್ತಾಳೆ, ಟಕ್.
"ಇನ್ನೊಮ್ಮೆ ನೋಡು. ಒಂದಾ? ಎರಡಾ?"
ಹನ್ನೊಂದು ಮಂದಿ ಒಟ್ಟಿಗೆ ಅರಚಿ ಕೈಯೆತ್ತಿದಾಗಲೂ
ಎಂಜಲು ನುಂಗದ ನಾನು
ಇಲ್ಲಿ ತೊದಲುತ್ತೇನೆ: ಎರಡೂ ಒಂದೇ ಥರ, ಡೊರೀನ್.
"ಸರಿ, ಅನುಮಾನದ ಲಾಭ ಬ್ಯಾಟ್ಸ್‌ಮನ್‌ಗೆ" ಅಂದು
ಹಳೆಯ ನಂಬರನ್ನೇ ಉಳಿಸುತ್ತಾಳೆ.

ನಡುವೆ ಒಮ್ಮೆ ದಾರಿ ತಪ್ಪಿದ್ದೂ ಉಂಟು.
ಅರವತ್ತು ದಾಟಿದವರ ಪರೀಕ್ಷೆಗೆ ಸರ್ಕಾರವೇ ದುಡ್ಡು ಕೊಡುತ್ತದೆ,
ಹಾಗಾಗಿ ಊರಿನ ದೊಡ್ಡ ಅಂಗಡಿಗಳಿಗೆಲ್ಲ
ನಾವೆಂದರೆ ಬಲು ಪ್ರೀತಿ.
ಒಂದು ಕೊಂಡರೆ ಇನ್ನೊಂದು ಉಚಿತ, ಅಂದರು.
ಹನ್ನೆರಡೇ ನಿಮಿಷ. ತಲೆಯೆತ್ತದ ಹುಡುಗ.
ಗೀರು ಬೀಳದ ಲೇಪ, ಬೆಳಕು ಹೊಳೆಯದ ಲೇಪ,
ಒಂದೊಂದಕ್ಕೂ ಒಂದೊಂದು ಬೆಲೆ.
ಉಚಿತದ ಆ ಕನ್ನಡಕ ಇವತ್ತಿಗೂ ಮೇಜಿನ ಖಾನೆಯಲ್ಲಿ
ಬಿಸಿಲು ಕಾಣದೆ ಮಲಗಿದೆ.
ನನ್ನ ಬಟ್ಟಲ ಮೇಲೆ ಸಾಲದ್ದಕ್ಕೆ
ಅವರ ಹೆಸರಿರುವ ಒಂದು ಮಗ್ಗನ್ನೂ ಕೊಟ್ಟಿದ್ದರು.

ಮರುವರ್ಷ ತಲೆ ತಗ್ಗಿಸಿ ಡೊರೀನಳ ಬಾಗಿಲು ತಳ್ಳಿದೆ.
ಎಲ್ಲಿಗೆ ಹೋಗಿದ್ದೆ ಎಂದು ಅವಳು ಕೇಳಲಿಲ್ಲ.
ಕಬ್ಬಿಣದ ಕಪಾಟಿನಿಂದ ನನ್ನ ಹಳದಿ ಕಾರ್ಡುಗಳನ್ನು ತೆಗೆದಳು.
ಇಪ್ಪತ್ತಾರು ವರ್ಷದ ನನ್ನ ಕಣ್ಣುಗಳು,
ಮೊದಲಿನವು ಅವಳೇ ಪೆನ್ಸಿಲಿನಲ್ಲಿ ಬರೆದ ಚಿತ್ರ,
ಆಮೇಲಿನವು ಕಿತ್ತಳೆ ಬಣ್ಣದ ಫೋಟೋ.
ಬಟ್ಟಲಿನಂಥ ಯಂತ್ರದೊಳಗೆ ಮುಖವಿಡಿಸಿ
ಕೈಗೊಂದು ಗುಂಡಿ ಕೊಟ್ಟಳು:
ಚುಕ್ಕಿ ಮಿನುಗಿದಾಗಲೆಲ್ಲ ಒತ್ತು.
ಒತ್ತಿದೆ. ಒತ್ತಿದೆ. ಕಾದೆ.
ಮೇಲೆ ಮೂಗಿನ ಕಡೆ ನಾಲ್ಕು ಚುಕ್ಕಿ
ಮಿನುಗಿದವಂತೆ. ನಾನು ಕಾಣಲೇ ಇಲ್ಲ.

ಹಳೆಯ ಫೋಟೋ, ಹೊಸ ಫೋಟೋ ಅಕ್ಕಪಕ್ಕ ಇಟ್ಟಳು.
ನರದ ತುದಿಯ ಗುಳಿ ಸ್ವಲ್ಪ, ಬರೀ ಸ್ವಲ್ಪ, ಅಗಲವಾಗಿದೆ.
"ಒಂದೇ ಫೋಟೋ ಇದ್ದಿದ್ದರೆ
ನಿನ್ನ ಕಣ್ಣು ಇರೋದೇ ಹೀಗೆ ಅಂದುಕೊಳ್ಳುತ್ತಿದ್ದೆ."
ಆಸ್ಪತ್ರೆಗೆ ಅಲ್ಲೇ ಕಾಗದ ಬರೆದಳು.

ಆಗ ಕೇಳಿದೆ, ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು:
ಎಂಬ್ಸೇ ಪಂದ್ಯದಲ್ಲಿ ತೊಂಬತ್ತೇಳಕ್ಕೆ
ಬೆರಳೆತ್ತಿ ಕಳಿಸಿದೆನಲ್ಲ, ಆ ಥ್ವೇಟ್ ಹುಡುಗ,
ಚೆಂಡು ಬಿದ್ದದ್ದು ಲೆಗ್ ಸ್ಟಂಪಿನ ಆಚೆ ಅಂತ ಎಲ್ಲರೂ ಅಂದರು.
ಅದು ಇದರಿಂದಲೇ ಇರಬಹುದಾ?
ಡೊರೀನ್ ದೀಪ ಹಾಕಿದಳು.
"ಅಲ್ಲ. ಅವತ್ತು ಚಹಾ ಹಂಚುತ್ತಾ ನಾನೂ ಅಲ್ಲೇ ಇದ್ದೆ.
ಅದು ನಿನ್ನ ತಪ್ಪು. ಕಣ್ಣಿನ ಮೇಲೆ ಹಾಕಬೇಡ."

ಹೊಸ ಫ್ರೇಮ್ ಕೊಳ್ಳುತ್ತೇನೆ ಅಂದೆ, ಋಣಕ್ಕೆ.
ಇದಕ್ಕೇನಾಗಿದೆ ಧಾಡಿ, ಅಂದು
ಸಡಿಲವಾದ ತಿರುಪು ಬಿಗಿದು
ತನ್ನ ಸೆರಗಿಲ್ಲದ ಕೋಟಿನ ಅಂಚಿಗೇ ಒರೆಸಿ
ನನ್ನ ಮೂಗಿನ ಮೇಲೆ ಕೂರಿಸಿದಳು. ದುಡ್ಡಿಲ್ಲ.
ಬಾಗಿಲ ಗಂಟೆ ಕಿಣಿಗುಟ್ಟಿತು,
ಕಾಲುವೆಯ ಬಾತುಗಳಿಗೆಲ್ಲ ಗೆರೆ ಎಳೆದಂತಿತ್ತು.

ಮೂವತ್ತು ಬೇಸಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು
ಕ್ರೀಸ್ ಕಾದಿದ್ದೇನೆ.
ಈಗ ನಿಜಕ್ಕೂ ಬಿಡಬೇಕು, ರಾತ್ರಿಗೊಂದು ತೊಟ್ಟು,
ಉರಿಯುತ್ತದೆ.

ಮೊನ್ನೆ ಶನಿವಾರ, ಮೋಡ, ಒದ್ದೆ ಪಿಚ್.
ಕೂಗು ಎದ್ದಿತು. ಬೆರಳು ಎತ್ತಲಿಲ್ಲ.
ಬೌಂಡರಿಯ ಬೆಂಚಿನಿಂದ ಅದೇ ಗಂಟಲು:
"ಕಣ್ಣು ಟೆಸ್ಟ್ ಮಾಡಿಸ್ಕೊಳ್ಳೋ!"
ಮಂಗಳವಾರ, ಹನ್ನೊಂದೂಕಾಲು, ಎಂದೆ.
ಬೌಲರ್ ನಕ್ಕುಬಿಟ್ಟ.
ಮುಂದಿನ ಚೆಂಡು ವೈಡ್.