ಜೂಲು ಉದುರಿದ ಹೆಗಲು

ಏಳು ತಿಂಗಳು ನಾವು ಸೀಗೆಮುಳ್ಳನ್ನೇ ಮಾಡುತ್ತಿದ್ದೆವು,
ಹಾಗೆಂದು ನಮಗೇ ಗೊತ್ತಿರಲಿಲ್ಲ.

ಶಂಕರಘಟ್ಟದ ಲ್ಯಾಬು, ಎರಡನೇ ಮಹಡಿ,
ಗೊರಕೆ ಹೊಡೆಯುವ ಫ್ರಿಜ್ಜಿನ ಪಕ್ಕದ ಮೇಜು.
ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡು, ಅದಕ್ಕೊಂದು ಕೊಕ್ಕೆ.
ಕೊಕ್ಕೆ ಗಟ್ಟಿಯಾದಷ್ಟೂ ಗುರಿ ಗಟ್ಟಿ ಎಂದು
ಮೆಟಿಲ್ಡಾ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು
ಕೆಳಗೆ ಎರಡು ಗೆರೆ ಎಳೆದಿದ್ದಳು.

ಕೆಟ್ಟ ಜೀವಕೋಶವನ್ನು ಹಿಡಿಯಬೇಕಿತ್ತು.
ಹಿಡಿಯಿತು.
ಒಳ್ಳೆಯದನ್ನೂ ಹಿಡಿಯಿತು.
ಎರಡರ ಮೈಮೇಲೂ ಇದ್ದದ್ದು ಅದೇ ಗೂಟ:
ಇದರಲ್ಲಿ ಅಲ್ಲೊಂದು ಇಲ್ಲೊಂದು,
ಅದರಲ್ಲಿ ನಾಟಿ ಮಾಡಿದ ಗದ್ದೆಯ ಹಾಗೆ ಒತ್ತೊತ್ತು.
ಗಟ್ಟಿ ಕೊಕ್ಕೆಗೆ ಒಂದು ಗೂಟ ಸಿಕ್ಕರೆ ಸಾಕು.
ಅದು ಎಣಿಸುವುದಿಲ್ಲ.

ಡಿಸೆಂಬರಿನ ಒಂದು ಬೆಳಗಿನ ಜಾವ
ರಾತ್ರಿಪಾಳಿ ಮುಗಿಸಿದ ವಾಚ್‌ಮನ್ ಮೈಲಾರಪ್ಪ
ಮೆಟ್ಟಿಲ ಮೇಲೆ ಕಂಬಳಿ ಹರಡಿಕೊಂಡು ಕೂತಿದ್ದ.
ಹಿಂದಿನ ಗುಡ್ಡಕ್ಕೆ ಆನೆ ಇಳಿದಿದೆಯೋ ಎಂದು
ಟಾರ್ಚು ಹಿಡಿದು ಹೋಗಿದ್ದನಂತೆ.
ಜೊತೆಗೆ ಬಂದದ್ದು ಆನೆಯಲ್ಲ, ಅಂಟುಪುರಲೆ.

ಒಂದು ಕಾಯಿ ಕಿತ್ತು ನನ್ನ ಅಂಗೈಗೆ ಹಾಕಿದ.
ಮೆಣಸಿನ ಕಾಳಿನಷ್ಟು. ಮೈಯೆಲ್ಲ ಕೊಕ್ಕೆ,
ಒಂದೊಂದೂ ಎಂಥ ಬಡಪಾಯಿ ಎಂದರೆ
ಉಗುರು ತಾಗಿದರೆ ಬಾಗುತ್ತದೆ.
ಅಂಗೈ ಮಗುಚಿದೆ, ಬಿದ್ದುಹೋಯಿತು.
ಕಂಬಳಿಯ ಮೇಲಿಟ್ಟೆ, ಕೂತೇಬಿಟ್ಟಿತು.
ಎಳೆದರೆ ಒಂದು ಕೊಕ್ಕೆ ಬಿಡುತ್ತದೆ, ಮಿಕ್ಕವು ಬಿಡುವುದಿಲ್ಲ,
ಇನ್ನೊಂದನ್ನು ಬಿಡಿಸುವಷ್ಟರಲ್ಲಿ
ಮೊದಲು ಬಿಟ್ಟದ್ದು ಮತ್ತೆಲ್ಲೋ ಸಿಕ್ಕಿಕೊಂಡಿರುತ್ತದೆ.

"ಇಲ್ನೋಡಿ" ಅಂದ, ಎಡ ಹೆಗಲಿನ ಜಾಗ ತೋರಿಸಿ.
ಕುರಿ ಕಾಯುವ ಕಾಲದಿಂದ ದೊಣ್ಣೆ ಹೊತ್ತು ಸವೆದದ್ದು,
ಜೂಲು ಅರ್ಧ ಉದುರಿದೆ.
ಅರ್ಧ ಜೂಲಿಗೆ ಅರ್ಧ ಕಾಯಿ ಇರಬೇಕು, ನ್ಯಾಯವಾಗಿ.
ಚಳಿಯಲ್ಲಿ ಮೊಣಕಾಲೂರಿ ಎಣಿಸಿದೆ.
ಬೆನ್ನಿನ ಒಂದು ಗೇಣಿಗೆ ನಲವತ್ತೊಂದು.
ಹೆಗಲಿನ ಒಂದು ಗೇಣಿಗೆ
ಒಂದೂ ಇಲ್ಲ.

"ಉದುರಿದ ಕಂಬಳೀನ ಪುರಲೆ ಮಾತಾಡ್ಸಲ್ಲ ಮೇಡಂ.
ಸೀಗೆ ಹಂಗಲ್ಲ. ಸೀಗೆಗೆ ಅಂಗೀನೂ ಒಂದೇ, ಚರ್ಮಾನೂ ಒಂದೇ,
ಕುರೀನೂ ಒಂದೇ, ಕುರಿ ಕಾಯೋನೂ ಒಂದೇ."
ಅಷ್ಟು ಹೇಳಿ ಭದ್ರಾವತಿ ಬಸ್ಸಿಗೆ ಓಡಿದ.

ಮೆಟಿಲ್ಡಾಗೆ ಫೋನು ಮಾಡಿದೆ, ನಿದ್ದೆಯಲ್ಲಿದ್ದಳು.
"ಕೊಕ್ಕೆ ಮೊಂಡು ಮಾಡೋಣ. ಆದರೆ ನೂರು ಮಾಡೋಣ."
"ಜ್ವರ ನೋಡ್ಕೊಂಡ್ಯಾ?" ಅಂದಳು.

ಫೆಬ್ರವರಿಯ ಹೊತ್ತಿಗೆ ಗುಂಡಿನ ಸುತ್ತ ಪಾಲಿಮರಿನ ಎಳೆಗಳು,
ಸಡಿಲ, ಉದ್ದ, ತುದಿತುದಿಗೂ ಒಂದು ದುರ್ಬಲ ಕೈ.
ಪ್ಲೇಟಿನ ಗುಳಿಗಳಲ್ಲಿ ಗೂಟಗಳನ್ನು ಹೆಚ್ಚಿಸುತ್ತ ಹೋದೆವು.
ಮೊದಲನೆಯದು ಕತ್ತಲೆ. ಎರಡನೆಯದೂ.
ಮೂರನೆಯದನ್ನು ಎರಡು ಸಲ ನೋಡಿದೆವು, ಕತ್ತಲೆ.
ನಾಲ್ಕಕ್ಕೆ ಮೆಟಿಲ್ಡಾ ನನ್ನನ್ನು ನೋಡಿದಳು.
ಐದಕ್ಕೆ, ನಾಲ್ಕರ ಎರಡರಷ್ಟೇ ಗೂಟಗಳಿದ್ದ ಐದಕ್ಕೆ,
ಹಸಿರು ಬೆಳಕು ಎಂಬತ್ತರಷ್ಟು.

ನಾನು ಕಾಗದ ಹಿಡಿದು ಕೂತೆ.
ಹತ್ತು ಕೈ, ಹತ್ತು ಗೂಟ,
ಯಾವ ಕೈ ಯಾವುದನ್ನು ಹಿಡಿಯಬಹುದು, ಯಾವುದನ್ನು ಬಿಟ್ಟು ಯಾವುದಕ್ಕೆ ಹಾರಬಹುದು,
ಬಗೆಗಳನ್ನು ಬರೆಯುತ್ತ ಬರೆಯುತ್ತ ಹಾಳೆ ಮುಗಿಯಿತು.
ಬಲ ಕೈಗಳದ್ದಲ್ಲ,
ಹೀಗೂ ಹಿಡಿಯಬಹುದು ಹಾಗೂ ಹಿಡಿಯಬಹುದು ಎಂಬ
ಆ ಸಾವಿರದ್ದು.

ಇದನ್ನು ಮನುಷ್ಯರ ಸಂಬಂಧಕ್ಕೆ ಹೋಲಿಸಿ
ಸೆಮಿನಾರಿನಲ್ಲಿ ಭಾಷಣ ಮಾಡಬೇಡ ಎಂದರು ಲಿಂಗೋಜಿ ಸರ್.
ಮಾಡಲಿಲ್ಲ.
ಮಾರ್ಚಿನಲ್ಲಿ ರಕ್ತದ ದ್ರವ ಬೆರೆಸಿದಾಗ
ಬೆಳಕು ಅರ್ಧಕ್ಕಿಳಿಯಿತು, ಏಕೆಂದು ಇನ್ನೂ ಗೊತ್ತಿಲ್ಲ.

ಮೈಲಾರಪ್ಪನಿಗೆ ಈಗ ಏಜೆನ್ಸಿಯವರು
ನೀಲಿ ನೈಲಾನ್ ಜಾಕೆಟ್ಟು ಕೊಟ್ಟಿದ್ದಾರೆ.
ಚಳಿ ತಡೆಯುತ್ತದೆಯೇ ಎಂದು ಕೇಳಿದೆ.
"ಚೆನ್ನಾಗೈತೆ" ಅಂದ, ತೋಳು ಸವರಿಕೊಂಡು.
"ಏನೂ ಅಂಟಲ್ಲ ಮೇಡಂ.
ಗುಡ್ಡ ಹತ್ತಿ ಬಂದಿದ್ದೂ ಗೊತ್ತಾಗಲ್ಲ."